ಎಂಟು ನಿಮಿಷ

ಹೊಸ ಫುಟ್‌ಬಾಲ್ ಲೀಗ್‌ಗೆ ಯಾವ ಊರಿನ ಕ್ರೀಡಾಂಗಣ ಎಷ್ಟು ದೊಡ್ಡದಿರಬೇಕೆಂದು ಹೇಳುವುದು ಅವಳ ಕೆಲಸ. ಎಂಟು ನಿಮಿಷದಲ್ಲಿ ಎಷ್ಟು ಜನ ಹೊರಗೆ ಹೋಗಬಲ್ಲರೋ ಅಷ್ಟೇ ಆಸನ ಎಂಬುದು ಲೀಗಿನ ನಿಯಮ.

ಪರೀಕ್ಷೆಗೆಂದು ಕ್ಲಬ್ಬಿನವರು ಊರಿನ ಆರು ಸಾವಿರ ಜನರನ್ನು ಗ್ಯಾಲರಿಯಲ್ಲಿ ಕೂರಿಸಿದ್ದರು. ಇದ್ದದ್ದು ಎರಡೇ ಗೇಟು.

"ಮೂರು ಸಾವಿರ ಸಾಕು ಸಾರ್. ನಂಗ್ಯಾಕೋ ಭಯ ಆಗ್ತಿದೆ," ಎಂದಳು ಅವಳು.

"ಅಂಜಬ್ಯಾಡ್ರಿ ಮೇಡಂ," ಎಂದರು ಕ್ಲಬ್ಬಿನ ಕಾರ್ಯದರ್ಶಿ. "ಒಳಗ ಬರಾಕ ಗೊತ್ತಿದ್ದವ್ರಿಗೆ ಹೊರಗ ಹೋಗಾಕ ಗೊತ್ತಿರಂಗಿಲ್ಲೇನ್ರಿ?"

ಮೈದಾನದ ನಡುವೆ ನಿಂತು ಅವಳು ಸೀಟಿ ಊದಿದಳು. ಸ್ಟಾಪ್‌ವಾಚು ಒತ್ತಿದಳು. ನಾಲ್ಕನೇ ನಿಮಿಷಕ್ಕೆ ಗೇಟುಗಳ ಬಳಿ ಜನ ಒತ್ತೊತ್ತಾಗಿ ಸಿಕ್ಕಿಕೊಂಡರು, ಮಗುವೊಂದು ಚೀರಿತು. ಸಾಕು ನಿಲ್ಲಿಸಿ ಎಂದು ಅವಳು ಕೂಗುವಷ್ಟರಲ್ಲಿ ಗುಂಪು ತಾನಾಗಿ ಕರಗಿತು. ಏಳು ನಿಮಿಷಕ್ಕೆಲ್ಲ ಗ್ಯಾಲರಿ ಖಾಲಿ. ಉಸಿರು ಬಿಟ್ಟು, ಆರು ಸಾವಿರ ಎಂದು ಬರೆದು ಸಹಿ ಹಾಕಿದಳು.

ಮೊದಲ ಪಂದ್ಯಕ್ಕೆ ಒಂದು ಸೀಟೂ ಖಾಲಿ ಇರಲಿಲ್ಲ. ಆಟ ಮುಗಿಯಲು ಎರಡು ನಿಮಿಷವಿದ್ದಾಗ ಅವಳು ಗ್ಯಾಲರಿಯ ಹಿಂದಕ್ಕೆ ಬಂದಳು. ಕಾಂಪೌಂಡ್ ಗೋಡೆಯಲ್ಲಿ ಲಾರಿ ನುಗ್ಗುವಷ್ಟು ಅಗಲಕ್ಕೆ ಹೊಸ ಸಿಮೆಂಟು ಇನ್ನೂ ಹಸಿಯಾಗಿತ್ತು.

"ಇದೇನಿದು?" ಎಂದು ಕಾವಲುಗಾರನನ್ನು ಕೇಳಿದಳು.

"ಗ್ವಾಡಿ ಬಿದ್ದಿತ್ರೀ. ಟಿಕೆಟ್ ಇಲ್ಲದವ್ರು ನುಗ್ಗತಾರಂತ ಸಾಹೇಬ್ರು ನಿನ್ನೆ ಮುಚ್ಚಿಸಿದ್ರು. ಅವತ್ತ ನೀವು ಸೀಟಿ ಊದಿದಾಗ ಅರ್ಧ ಮಂದಿ ಇದರಾಗನ ಹೊರಗ ಹೋದ್ರಲ್ರೀ."