ಹೆಂಚಿನ ಮೇಲಿನ ಹಲ್ಲು

ಒಂದೇ ವಾರದಲ್ಲಿ ಮೈ ಬೆಳೆಸುವ ಚುಚ್ಚುಮದ್ದು ಬಂದಮೇಲೆ, ನೂಲಿನ ಗಿರಣಿಗಳಲ್ಲಿ ಮಕ್ಕಳನ್ನು ಪತ್ತೆಹಚ್ಚುವುದು ಇನ್‌ಸ್ಪೆಕ್ಟರ್ ಮಹಾನಂದಾಳಿಗೆ ತಲೆನೋವಾಗಿತ್ತು. ಮೀಸೆಯನ್ನು ನಂಬುವ ಹಾಗಿರಲಿಲ್ಲ.

"ಎಲ್ಲಾರೂ ಇಪ್ಪತ್ತು ದಾಟ್ಯಾರ್ರೀ ಮೇಡಂ," ಎಂದ ಮ್ಯಾನೇಜರ್, ಅವಳು ಕೇಳುವ ಮೊದಲೇ. ಆ ಅವಸರ ಅವಳಿಗೆ ಸರಿಬರಲಿಲ್ಲ.

ಅಷ್ಟರಲ್ಲಿ ಯಂತ್ರದ ಹಿಡಿಕೆ ಬಡಿದು, ಬಸಲಿಂಗನೆಂಬ ಆಳೆತ್ತರದ ಕೆಲಸಗಾರನ ಮುಂದಿನ ಹಲ್ಲು ಉದುರಿತು. ಅವನು ಅದನ್ನು ಹೆಕ್ಕಿಕೊಂಡು ಅಂಗಳಕ್ಕೆ ಹೋದ. ಗಾಡಿಯೆತ್ತಿನ ಸಗಣಿಯಲ್ಲಿ ಉಂಡೆಕಟ್ಟಿ, ಕಣ್ಣು ಮುಚ್ಚಿಕೊಂಡು ಹೆಂಚಿನ ಮೇಲೆ ಎಸೆದ.

ಹಿಂದೆಯೇ ಬಂದ ಮಹಾನಂದಾ ಕೇಳಿದಳು, "ವಯಸ್ಸೆಷ್ಟಪಾ ನಿಂದು?"

"ಇಪ್ಪತ್ತೊಂದ್ರೀ," ಎಂದು ದಪ್ಪ ದನಿಯಲ್ಲಿ ಒಪ್ಪಿಸಿದ. ಆಮೇಲೆ ಮೀಸೆಯ ಮೇಲಿನ ರಕ್ತ ಒರೆಸಿಕೊಳ್ಳುತ್ತ, ಮ್ಯಾನೇಜರನಿಗೆ ಕೇಳದಂತೆ ಮೆಲ್ಲಗೆ ಅಂದ, "ಹೊಸಾ ಹಲ್ಲು ಯಾವಾಗ ಬರ್ತೈತ್ರೀ ಅಕ್ಕಾರ?"