ಜೋಳದ ದಿಂಡು ಉರುಳಿಸಿದ ಮಡಕೆ

ಕರೆಂಟ್ ಕಂಬದ ಮೇಲಿನ ಕಂದು ಪಿಂಗಾಣಿ ಬಿಲ್ಲೆಗಳು ಬಿಸಿಲಿಗೆ ಮಿಂಚಿದಾಗಲೆಲ್ಲ ನನಗೆ ಅಜ್ಜಿಯ ಅಂಗೈ ನೆನಪಾಗುತ್ತದೆ.

ನಾನು ಚಿಕ್ಕವಳಿದ್ದಾಗ, ಅಂಥ ಬಿಲ್ಲೆಗಳನ್ನು ಮಾಡುವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಪ್ಪ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಮನೆಯ ಹಿತ್ತಲಲ್ಲಿ ತಾತ ಇನ್ನೂ ಮಡಕೆ ಮಾಡುತ್ತಿದ್ದ. ಹಸಿ ಮಡಕೆಯನ್ನು ತಟ್ಟಿ, ಕಲ್ಲಿನಿಂದ ಉಜ್ಜಿ, ಮಗುವಿನ ಕೆನ್ನೆಯಂತೆ ನುಣ್ಣಗೆ ಮಾಡುವುದು ಅಜ್ಜಿಯ ಕೆಲಸ. ಒಂದು ಮಧ್ಯಾಹ್ನ ಅವಳು ತೂಕಡಿಸುತ್ತಿದ್ದಾಗ, ನಾನು ಕಾಳು ತಿಂದು ಮುಗಿಸಿದ ಮುಸುಕಿನ ಜೋಳದ ದಿಂಡನ್ನು ಅವಳ ಹಸಿ ಮಡಕೆಯ ಮೇಲೆ ಸುತ್ತಲೂ ಉರುಳಿಸಿಬಿಟ್ಟೆ. ಮಡಕೆಯ ಮೈತುಂಬ ಸಾಲು ಸಾಲು ಉಬ್ಬು ತಗ್ಗು ಮೂಡಿದವು.

"ಅಯ್ಯೋ, ಮಡಕೆಗೆ ಸಿಡುಬಿನಮ್ಮ ಎದ್ದಂಗೈತಲ್ಲೇ!" ಎಂದು ಅಜ್ಜಿ ಕೂಗಿದಳು.

"ಬಿಡವ್ವಾ, ನಮ್ ಫ್ಯಾಕ್ಟರಿ ಬಣ್ಣ ಬಳೀತೀನಿ, ಗಾಜಿನಂಗೆ ಹೊಳೀತದೆ" ಎಂದ ಅಪ್ಪ, ಡಬ್ಬಿಯಲ್ಲಿ ತಂದಿದ್ದ ಗಂಜಿಯಂಥ ಬಣ್ಣವನ್ನು ಮಡಕೆ ಒಣಗಿದ ಮೇಲೆ ಬಳಿದ.

"ಹೊಳೀದಿದ್ರೆ ತಿಪ್ಪೆಗೆ ಎಸೀತೀನಿ" ಎಂದಳು ಅಜ್ಜಿ.

ಮಡಕೆ ಸುಡುವ ಆವಿಗೆಯನ್ನು ತೆರೆದ ದಿನ ನನ್ನ ಮಡಕೆ ಹೊಳೆಯಲೇ ಇಲ್ಲ. ಬಳಿದ ಬಣ್ಣ ಕರಗದೆ ಮೈತುಂಬ ಒಣ ಕಂದು ಧೂಳಾಗಿತ್ತು. "ಫ್ಯಾಕ್ಟರೀಲಿ ಬೆಂಕಿ ಇನ್ನೂ ಜಾಸ್ತಿ ಕಣವ್ವಾ" ಎಂದು ಅಪ್ಪ ತಲೆ ಕೆರೆದುಕೊಂಡ. ನನಗೆ ಅಳು ಬಂತು. ಅಜ್ಜಿ ಮಡಕೆ ಎತ್ತಿಕೊಂಡು, ಎಂದಿನ ಅಭ್ಯಾಸದಂತೆ ಅಂಗೈಯಿಂದ ಒಮ್ಮೆ ಸವರಿದಳು. ಉಬ್ಬಿನ ಮೇಲಿನ ಧೂಳು ಹೋಗಿ ಕೆಂಪು ಮಣ್ಣು ಎದ್ದು ಬಂತು. ತಗ್ಗಿನಲ್ಲೆಲ್ಲ ಕಂದು ಬಣ್ಣ ಹಾಗೇ ಉಳಿಯಿತು. ಜೋಳದ ಕಾಳುಗಳೇ ಸಾಲಾಗಿ ಕೂತಂತಿತ್ತು.

ಅಜ್ಜಿ ಮಡಕೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಕಂದಾದ ಅಂಗೈಯನ್ನು ನನ್ನ ಕೆನ್ನೆಗೆ ಒರೆಸಿದಳು.

"ನಾಳಿಕ್ಕೆ ಇನ್ನೊಂದು ಜೋಳ ತಿನ್ನೇ ಮೊಗಾ" ಎಂದಳು.