ಹೆಸರಿಲ್ಲದ ಟ್ರ್ಯಾಕ್

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ, ತೀರಿಹೋದ ಅಪ್ಪನ ಸಂಗೀತವನ್ನೇ ಕೇಳಿಸಬೇಕೆಂದು ನಿರಂಜನನಿಗೆ ಆಸೆ. ಅವನು ಒಬ್ಬನೇ ಮಗನಾಗಿ ಬೆಳೆದವನು. ಕೀಬೋರ್ಡ್ ವಾದಕರಾಗಿದ್ದ ಅಪ್ಪ ಉಳಿಸಿಹೋದ ಸಂಗೀತದ ಮಿಡಿ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದ. ವಾದ್ಯಕ್ಕೊಂದರಂತೆ ಟ್ರ್ಯಾಕುಗಳು ಸಾಲಾಗಿ ಮೂಡಿದವು. ಒಂದೊಂದನ್ನೇ ಕೇಳಿ ನೋಡಿ, ಬೇಕಾದುದಕ್ಕೆ ಗುರುತು ಹಾಕುತ್ತ ಹೋದ. ಕೊಳಲು ಬೇಕು, ತಬಲಾ ಬೇಡ. ಕೊನೆಯ ಟ್ರ್ಯಾಕಿಗೆ ಹೆಸರೇ ಇರಲಿಲ್ಲ. ಒತ್ತಿದಾಗ ಜೋಗುಳವೊಂದು ಮೆಲ್ಲಗೆ ಹರಿದುಬಂತು.

ಬಾಗಿಲಲ್ಲಿ ಅಮ್ಮ ಕಲ್ಲಾಗಿ ನಿಂತಿದ್ದಳು. "ಅದೊಂದು ಬೇಡ ಕಣೋ. ನಿಲ್ಲಿಸು."

"ಯಾಕಮ್ಮಾ? ಅಪ್ಪ ಇದನ್ನೇ ನುಡಿಸಿ ನನ್ನ ಮಲಗಿಸ್ತಿದ್ರು, ಅಲ್ವಾ?"

"ನಿನಗೆ ನುಡಿಸೋಕೆ ನಾನು ಬಿಡ್ಲೇ ಇಲ್ಲ." ಅಮ್ಮ ಒಳಬಂದು ತಾನೇ ಜೋಗುಳವನ್ನು ನಿಲ್ಲಿಸಿದಳು. "ಅದನ್ನ ಕೇಳ್ತಾ ಮಲಗಿದ ನಿನ್ನಕ್ಕ ಮತ್ತೆ ಏಳ್ಲಿಲ್ಲ."